ಬಾಗಿಲಿನಿಂದ ಸೋಫಾಗೆ ಒಂಬತ್ತು ಹೆಜ್ಜೆ

ಎನಿಡ್ ಗಾರ್ಸೈಡ್ ನಮ್ಮ ನಾಟಕಶಾಲೆಯ ನಿರ್ದೇಶಕಿಯಾದದ್ದು ಯಾರೋ ಹುಡುಕಿ ಆರಿಸಿದ್ದರಿಂದಲ್ಲ. ಗಂಡಸರೆಲ್ಲ ಯುದ್ಧಕ್ಕೆ ಹೋದಾಗ, ಉಡುಪು ಹೊಲಿಯುತ್ತಿದ್ದ ಹುಡುಗಿಯ ಕೈಗೆ ನಾಟಕದ ಪ್ರತಿ ಕೊಟ್ಟು, "ಈ ವಾರ ನೀನೇ ನೋಡ್ಕೊ" ಎಂದರು. ಗಂಡಸರು ವಾಪಸು ಬಂದ ಮೇಲೆ ಅವಳನ್ನು ಆ ಕೆಲಸದಿಂದ ಇಳಿಸುವುದನ್ನು ಎಲ್ಲರೂ ಮರೆತರು. ಹಾಗೆ ಇಪ್ಪತ್ತೆಂಟು ವರ್ಷ ನಡೆಯಿತು. ವಾರಕ್ಕೊಂದು ನಾಟಕ. ಸೋಮವಾರ ಪರದೆ ಏಳಬೇಕು, ಮಂಗಳವಾರ ಬೆಳಿಗ್ಗೆ ಮುಂದಿನದರ ತಾಲೀಮು ಶುರುವಾಗಬೇಕು. ಲ್ಯಾಂಕಶೈರ್ ಕಡಲತೀರದ ನಮ್ಮೂರಿಗೆ ಬಿಸಿಲು ಹುಡುಕಿಕೊಂಡು ಬಂದವರು ಮಳೆಗೆ ಸಿಕ್ಕಿ, ಬೇರೆ ದಾರಿಯಿಲ್ಲದೆ ನಮ್ಮ ಟಿಕೆಟ್ ಕೊಳ್ಳುತ್ತಿದ್ದರು.

ನಾನು ಮ್ಯಾಜ್. ಯಾರು ಯಾವ ಮಾತಿಗೆ ಎತ್ತ ಎಷ್ಟು ಹೆಜ್ಜೆ ಇಡಬೇಕು ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು, ಸೈಡ್‌ವಿಂಗಿನಲ್ಲಿ ಕೂತು ಮಾತು ಮರೆತವರಿಗೆ ಪಿಸುಗುಟ್ಟುವುದು ನನ್ನ ಕೆಲಸ. ಎನಿಡ್ ಎಲ್ಲರನ್ನೂ "ಚಿನ್ನಾ" ಎಂದು ಕರೆಯುತ್ತಿದ್ದಳು. ಪ್ರೀತಿಗಲ್ಲ, ಹೆಸರು ನೆನಪಿರದೆ ಹಾಗೆ ಕರೆಯುತ್ತಾಳೆಂದು ನನಗೆ ಗುಮಾನಿ. ಲೆನ್ ಟ್ರಾಂಟರ್ ಒಬ್ಬನನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದಳು. ಲೆನ್ ನಮ್ಮ ಹಿರಿಯ ನಟ. ಪಾದ್ರಿ, ಡಾಕ್ಟರ್, ಮೊದಲ ಅಂಕದಲ್ಲೇ ಕೊಲೆಯಾಗುವ ಶ್ರೀಮಂತ, ಎಲ್ಲಾ ಅವನೇ. ಹೆಂಡತಿ ಮಕ್ಕಳಿರಲಿಲ್ಲ. ಬಾಡಿಗೆಯ ಒಂದು ಕೋಣೆ ಬಿಟ್ಟರೆ ಅವನಿಗಿದ್ದದ್ದು ನಾಟಕಶಾಲೆಯೇ.

ಒಂದು ಶನಿವಾರ ಮಧ್ಯಾಹ್ನದ ಆಟದಲ್ಲಿ ಲೆನ್ ಗ್ಲಾಸಿನ ಪಕ್ಕಕ್ಕೆ ವಿಸ್ಕಿ ಸುರಿದ. ವಿಸ್ಕಿ ಎಂದರೆ ತಣ್ಣಗಿನ ಟೀ, ಬಿಡಿ. ತಕ್ಷಣ ಅದನ್ನೇ ಕುಡುಕನ ತಮಾಷೆ ಮಾಡಿ ತೇಲಿಸಿದ. ಜನ ಬಿದ್ದು ಬಿದ್ದು ನಕ್ಕರು. ನನ್ನ ಪಕ್ಕ ನಿಂತಿದ್ದ ಎನಿಡ್ ನಗಲಿಲ್ಲ.

ಬುಧವಾರ ನಾನು ಎಂದಿಗಿಂತ ಬೇಗ ಬಂದೆ. ಖಾಲಿ ಸ್ಟೇಜಿನ ಮೇಲೆ ಎನಿಡ್ ಕಣ್ಣಿಗೆ ಸ್ಕಾರ್ಫ್ ಕಟ್ಟಿಕೊಂಡು, ಲೆನ್‌ನ ಮಾತುಗಳನ್ನು ಹೇಳಿಕೊಳ್ಳುತ್ತಾ ಬಾಗಿಲಿನಿಂದ ಸೋಫಾ ಕಡೆಗೆ ನಡೆಯುತ್ತಿದ್ದಳು. ಟೀಪಾಯಿ ಮೊಣಕಾಲಿಗೆ ಬಡಿದು ಬೈದುಕೊಂಡಳು. ಸ್ಕಾರ್ಫ್ ಬಿಚ್ಚಿದರೆ ಎದುರಿಗೆ ನಾನು.

"ಎಷ್ಟು ಕಾಣುತ್ತಂತೆ ಅವನಿಗೆ?" ಎಂದೆ.

"ಕೇಳಿಲ್ಲ. ನೀನೂ ಕೇಳ್ಬೇಡ. ಅವನಾಗಿ ಹೇಳೋವರೆಗೂ ನಮಗೆ ಗೊತ್ತಿಲ್ಲ, ತಿಳೀತಾ?"

ಮರುದಿನ ತೆಂಗಿನ ನಾರಿನ ಕಾಲೊರಸನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ತಂದಳು. ಸೋಫಾ ಮುಂದೆ ಒಂದು, ಬಾಗಿಲ ಬಳಿ ಒಂದು, ಸ್ಟೇಜಿನ ಅಂಚಿಗೆ ಉದ್ದಕ್ಕೂ ಒಂದು, ಜಮಖಾನದ ಅಡಿಗೆ ಹೊಲಿದಳು. ಕಾಲಿಗೆ ಉಬ್ಬು ಸಿಕ್ಕಿತೆಂದರೆ ನಿಲ್ಲಬೇಕು. ಕೇಳಿದವರಿಗೆ, "ಹಲಗೆ ಕಿರುಗುಟ್ಟುತ್ತೆ, ಅದಕ್ಕೆ" ಎಂದಳು. ಅಂದಿನಿಂದ ಯಾರೂ ಕುರ್ಚಿಯನ್ನು ಒಂದು ಬೆರಳಷ್ಟೂ ಸರಿಸುವಂತಿಲ್ಲ. ಲೆನ್ ಹತ್ತಿರ ಬರುವವರು ಮೊದಲು ಮಾತಾಡಿ ಆಮೇಲೆ ಬರಬೇಕು. ಎಲ್ಲರ ಹೆಜ್ಜೆಗೂ ಲೆಕ್ಕ. ಲೆನ್‌ಗೆ ಬಾಗಿಲಿನಿಂದ ಸೋಫಾಗೆ ಒಂಬತ್ತು.

"ಇದೇನು ನಾಟಕನಾ, ಕವಾಯತಾ?" ಎಂದು ಗ್ಲೆನಿಸ್ ಎಂಬ ಹೊಸ ನಟಿ ಮೂತಿ ಉಬ್ಬಿಸಿದಳು.

"ಕವಾಯತೇ ಚಿನ್ನಾ. ಎಡಗಾಲು ಮೊದಲು."

ಅದೇ ಚಳಿಗಾಲ ಲಂಡನ್ನಿನ ದೊಡ್ಡ ನಾಟಕಶಾಲೆಯೊಂದರ ಮನುಷ್ಯ ಎನಿಡ್‌ಳ ಕೆಲಸ ನೋಡಲು ಬಂದ. ಮೆಚ್ಚಿದರೆ ಅವಳಿಗೆ ಅಲ್ಲಿ ಜಾಗ. ಒಂದು ನಾಟಕಕ್ಕೆ ಐದು ವಾರ ತಾಲೀಮು ಮಾಡುವ ಭಾಗ್ಯ. ಅವಳು ಹದಿನೈದು ವರ್ಷ ಬಾಯಿಬಿಟ್ಟು ಆಸೆಪಟ್ಟದ್ದು ಅದೊಂದನ್ನೇ. ಅದೊಂದು ರಾತ್ರಿ ಹೆಜ್ಜೆ ಲೆಕ್ಕ ಬಿಟ್ಟುಬಿಡು, ಲೆನ್‌ಗೆ ಜ್ವರ ಅಂತ ಹೇಳಿ ಬೇರೆಯವರನ್ನು ಹಾಕೋಣ ಎಂದು ನಾನು ಬೇಡಿಕೊಂಡೆ. ಅವಳು ಒಪ್ಪಲಿಲ್ಲ.

ಆಟ ಮುಗಿದ ಮೇಲೆ ಆತ ಕೈಗವಸು ಹಾಕಿಕೊಳ್ಳುತ್ತಾ ಹೇಳಿದ: "ಅಚ್ಚುಕಟ್ಟಾಗಿದೆ ಮೇಡಂ. ಆದ್ರೆ ಎಲ್ಲರೂ ಹಗ್ಗ ಕಟ್ಟಿದ ಹಾಗೆ ನಡೀತಾರೆ. ಜೀವ ಇಲ್ಲ."

"ಇರಬಹುದು," ಎಂದಳು ಎನಿಡ್. ಆತನನ್ನು ಬಾಗಿಲವರೆಗೆ ಕಳಿಸಿಬಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಲೆನ್ ಕಣ್ಣಿನ ವಿಷಯ ಒಂದು ಮಾತು ಹೇಳೋಕೆ ನಿಂಗೇನು ರೋಗ?"

"ಅವನು ರೈಲಲ್ಲಿ ಇನ್ನೊಬ್ಬನಿಗೆ ಹೇಳ್ತಾನೆ. ವಾರದೊಳಗೆ ಇಡೀ ದೇಶಕ್ಕೆ ಗೊತ್ತಾಗುತ್ತೆ. ನಮ್ಮ ಮಾಲೀಕರು ಲೆನ್‌ನ ಇಟ್ಕೋತಾರಾ? ಆಮೇಲೆ ಬೆಳಿಗ್ಗೆ ಎದ್ದು ಅವನು ಎಲ್ಲಿಗೆ ಹೋಗ್ಬೇಕು ಹೇಳು?" ಎಂದಳು. ಆಮೇಲೆ ಉಡುಪಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಳುವುದನ್ನು ನಾನು ಕೇಳಿದ್ದು ಅದೊಂದೇ ಸಲ. ಲಂಡನ್ನಿನಿಂದ ಮತ್ತೆ ಯಾರೂ ಬರಲಿಲ್ಲ.

ಲೆನ್ ಇನ್ನೂ ಏಳು ವರ್ಷ ನಟಿಸಿದ. ಒಂದು ಸಲವೂ ಬೀಳಲಿಲ್ಲ. ನಿವೃತ್ತಿಯಾದ ಮೇಲಷ್ಟೇ ಕೈಗೆ ಬಿಳಿ ಕೋಲು ಬಂತು. ಪಾಪ, ವಯಸ್ಸಾಯಿತು, ಈಗ ಕಣ್ಣು ಹೋಯಿತು ಎಂದು ಊರು ಮರುಗಿತು.

ಎನಿಡ್‌ಳ ಬೀಳ್ಕೊಡುಗೆಯ ದಿನ ಅವಳಿಗೆ ಹೂಗುಚ್ಛ ಕೊಡುವವನು ಲೆನ್ ಎಂದು ತೀರ್ಮಾನವಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಎನಿಡ್ ಬಾಯಲ್ಲಿ ಸೂಜಿ ಕಚ್ಚಿಕೊಂಡು, ಸ್ಟೇಜಿನ ಮೇಲೆ ಜಮಖಾನ ಮಗುಚಿ ಹಾಕಿ ಮಂಡಿಯೂರಿ ಕೂತಿದ್ದಾಳೆ.

"ನಿನ್ನ ಸನ್ಮಾನಕ್ಕೂ ನೀನೇ ದುಡೀಬೇಕಾ?" ಎಂದು ರೇಗಿದೆ.

"ಕೋಲು ಹಿಡ್ಕೊಂಡು ಬರಲ್ಲ ಅಂತಾನೆ ಕಣೇ. ಬಾಗಿಲಿಂದ ಸೋಫಾಗೆ ಅದೇ ಒಂಬತ್ತು ಹೆಜ್ಜೆ ಇಟ್ಟಿದೀನಿ. ಆ ಮೂಲೆ ಹಿಡ್ಕೊ."

ಮಧ್ಯಾಹ್ನ ಸಭೆ ತುಂಬಿತ್ತು. ಲೆನ್ ಕೋಲಿಲ್ಲದೆ, ಸೇವಂತಿಗೆ ಹಿಡಿದು, ನೆಟ್ಟಗೆ ನಡೆದುಬಂದ. ಉಬ್ಬು ಕಾಲಿಗೆ ಸಿಕ್ಕಿತು, ನಿಂತ. ಹೂವು ಕೊಟ್ಟು, ಜನರ ಚಪ್ಪಾಳೆಯ ನಡುವೆ ತಗ್ಗಿದ ದನಿಯಲ್ಲಿ ಮಾತಾಡಿದ. ಸೈಡ್‌ವಿಂಗಿನಲ್ಲಿದ್ದ ನನಗೆ ಕೇಳಿಸಿತು.

"ಎನಿಡ್, ನಿಂಗೊಂದು ಮೋಸ ಮಾಡಿದೀನಿ. ಆ ಏಳು ವರ್ಷವೂ ನಂಗೆ ಏನೂ ಕಾಣ್ತಿರ್ಲಿಲ್ಲ. ನೀನು ಕೆಲಸದಿಂದ ತೆಗೀತೀಯ ಅಂತ ಹೆದರಿ ಹೇಳ್ಲಿಲ್ಲ."

"ಸುಮ್ನಿರು ಲೆನ್. ಹಾಗಿದ್ದಿದ್ರೆ ನಂಗೆ ಗೊತ್ತಾಗ್ದೆ ಇರ್ತಿತ್ತಾ?"

"ಗೊತ್ತಾಗ್ಲಿಲ್ಲ ನೋಡು," ಎಂದು ನಕ್ಕ. ಮುಖ ಹೊಳೆಯುತ್ತಿತ್ತು.

ಎನಿಡ್ ಒಂದು ಕ್ಷಣ ಅವನನ್ನೇ ನೋಡಿದಳು. "ಹಾಗಾದ್ರೆ ನಾನು ಕಂಡ ನಟರಲ್ಲೆಲ್ಲ ನೀನೇ ದೊಡ್ಡವನು ಬಿಡು," ಎಂದಳು.

ಮರೆತವರಿಗೆ ಮಾತು ಹೇಳಿಕೊಡುವುದೇ ನನ್ನ ಕಸುಬು. ಅವತ್ತು ನಿಜವನ್ನು ಕೂಗಿ ಹೇಳಬೇಕೆನ್ನಿಸಿ ತುಟಿ ಕಚ್ಚಿಕೊಂಡೆ. ಲೆನ್ ಬೆನ್ನು ನೆಟ್ಟಗೆ ಮಾಡಿ, ತಿರುಗಿ, ಯಾರ ಕೈಯನ್ನೂ ಹಿಡಿಯದೆ ಬಾಗಿಲಿನ ಕಡೆ ಹೊರಟ. ಎನಿಡ್ ಜನರತ್ತ ನೋಡಿ ನಗುತ್ತಿದ್ದಳು. ಹೂಗುಚ್ಛದ ಹಿಂದೆ ಅವಳ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು, ಒಂಬತ್ತರವರೆಗೆ.