ಮುಂದಿನ ಸಾಲಿನ ಫೋಟೊ

ಜಮೀನಿನ ಸಭೆಗೆ ಹೋದ ನನ್ನ ಗಂಡ ಸಂಜೆಯಾದರೂ ಮನೆಗೆ ಬರಲಿಲ್ಲ. ತೆಲಂಗಾಣದ ಗಡಿಯಲ್ಲಿ, ನ್ಯಾಲ್ಕಲ್ ಕಡೆಯ ನಮ್ಮೂರಿನ ತೊಗರಿ ಹೊಲಗಳನ್ನು ಸರ್ಕಾರದವರು ಕಾರ್ಖಾನೆಗಳಿಗೆ ಕೇಳುತ್ತಿದ್ದರು. ರಾಯಿಕೋಡ್ ಕಡೆಯವರ ಹೊಲಗಳೂ ಸಾಲಿನಲ್ಲಿದ್ದವು. ನಾವು ಏನು ಹೇಳುತ್ತೇವೋ ನೋಡಿ ತಾವೂ ಹೇಳೋಣವೆಂದು ಅವರು ಕಾದು ಕೂತಿದ್ದರು. ಗಂಡ ಎದ್ದು ನಿಂತು ‘ಕೊಡುವುದಿಲ್ಲ’ ಅಂದರಂತೆ. ಅಷ್ಟಕ್ಕೇ ಪೊಲೀಸರು ಜೀಪು ಹತ್ತಿಸಿಕೊಂಡು ಹೋದರಂತೆ.

ಠಾಣೆಗೆ ಓಡಿದೆ. ಅಂಥವನು ಇಲ್ಲಿಲ್ಲ, ಸಭೆಗೇ ಬಂದಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು. ಹೆಸರು ಪೇಪರಿನಲ್ಲಿ ಬಂದರೆ ಮನುಷ್ಯನನ್ನು ಇಲ್ಲ ಅನ್ನಲು ಆಗುವುದಿಲ್ಲ ಅನ್ನಿಸಿ ಸೀದಾ ಜಹೀರಾಬಾದಿಗೆ ಹೋದೆ. ಅಲ್ಲಿ ಬಸ್ ಸ್ಟ್ಯಾಂಡಿನೆದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ತೆಲುಗು ಪೇಪರಿಗೆ ಸುದ್ದಿ ಕಳಿಸುವವನೊಬ್ಬನಿದ್ದ. ನಮ್ಮ ಕಡೆಯವನೇ.

“ಅಕ್ಕಾ, ನಾ ಕಣ್ಣಾರೆ ನೋಡೀನಿ, ಬರದು ಕಳಸೀನಿ ಭೀ,” ಅಂದ. “ಮ್ಯಾಲಿನವರು ತಗದು ಹಾಕ್ಯಾರ. ಕಲೆಕ್ಟರ್ ಆಫೀಸಿನವರು ಕೊಟ್ಟ ಕಾಗದ, ಕೊಟ್ಟ ಫೋಟೊ, ಅಷ್ಟೇ ಹಾಕಬೇಕಂತ. ಇಲ್ಲಂದ್ರ ಸರ್ಕಾರದ ಜಾಹೀರಾತು ಬಂದ್.”

“ಬ್ಯಾರೆ ಪೇಪರಿನವರು?”

“ಎಲ್ಲಾರಿಗೂ ಅದೇ ಕಾಗದ ಹೋಗ್ಯದ.”

“ಹಂಗಾದ್ರ ನೀ ಮೀಟಿಂಗಿಗೆ ಯಾಕ ಹೋಗಿದ್ದಿ? ಮನ್ಯಾಗ ಮಲಗಬೇಕಿತ್ತು!” ಅಂದುಬಿಟ್ಟೆ. ಪಾಪ, ಅವನು ತಲೆ ತಗ್ಗಿಸಿ ಬೀದರಿನ ಕನ್ನಡ ಪೇಪರಿನವರಿಗೆ ಫೋನ್ ಹಚ್ಚಿಕೊಟ್ಟ.

“ನಿಮ್ಮೂರು ತೆಲಂಗಾಣದಾಗ ಬರ್ತದ್ರೆವ್ವ, ನಮ್ಮ ಪೇಪರಿಗೆ ಬರೂದಿಲ್ಲ,” ಅಂದಿತು ಆ ಕಡೆಯ ದನಿ. ಹೆಣ್ಣು ತರಲು, ಎತ್ತು ಮಾರಲು ಇಲ್ಲದ ಗಡಿ ಸುದ್ದಿಗೆ ಮಾತ್ರ ಎಲ್ಲಿಂದ ಬಂತೋ. ರಾತ್ರಿ ಮನೆಗೆ ಬಂದರೆ ಟಿವಿಯಲ್ಲೂ ಯಾವ ಚಾನೆಲ್ ಹಾಕಿದರೂ ಅದೇ ಸಭೆ, ಅದೇ ಚಪ್ಪಾಳೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಪೇಪರು ಬಂತು. ಜಮೀನು ಕೊಡಲು ರೈತರು ಸಂತೋಷದಿಂದ ಒಪ್ಪಿದರೆಂದು ತೆಲುಗಿನಲ್ಲಿ ದಪ್ಪಕ್ಷರ. ಕೆಳಗೆ ಸಭೆ ಶುರುವಾಗುವ ಮುಂಚೆ ತೆಗೆದ ಫೋಟೊ. ಮುಂದಿನ ಸಾಲಿನಲ್ಲಿ, ಅಧಿಕಾರಿಯ ಪಕ್ಕದ ಕುರ್ಚಿಯಲ್ಲೇ, ನನ್ನ ಗಂಡ! ಮೈಯೆಲ್ಲ ಉರಿದುಹೋಯಿತು. ಹರಿದು ಹಾಕಲೆಂದು ಮಡಚಿದವಳು ತಟ್ಟನೆ ನಿಂತೆ. ಸಭೆಗೇ ಬಂದಿಲ್ಲ ಅಂದಿದ್ದರಲ್ಲವೇ?

ಠಾಣೆಯ ಮೇಜಿನ ಮೇಲೆ ಪೇಪರು ಹರವಿ, ಇವರು ಯಾರು ಎಂದು ತೆಲುಗಿನಲ್ಲೇ ಕೇಳಿದೆ. ಪೊಲೀಸನೊಬ್ಬ ಹೊರಗೆ ನಡಿ ಅಂದ. ನಾನು ಅಲ್ಲಿಂದ ಕದಲಲಿಲ್ಲ. ಹೊರಗೆ ಜನ ಸೇರತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಹಿತ್ತಿಲ ಬಾಗಿಲಿನಿಂದ ನನ್ನ ಗಂಡನನ್ನು ಬಿಟ್ಟರು. ತುಟಿ ಒಡೆದಿತ್ತು. ಜೀವಂತ ಇದ್ದಾರಲ್ಲ ಎಂದು ಅಳು ಒತ್ತರಿಸಿ ಬಂತು.

ಅವರು ಕೇಳಿದ ಮೊದಲ ಮಾತೇ, “ನಾ ಅಂದದ್ದು ಪೇಪರಿನ್ಯಾಗ ಬಂತೇನು?”

ಬಗಲಲ್ಲಿದ್ದ ಪೇಪರನ್ನು ಕೊಟ್ಟೆ. ಕೊಡದೆ ಬೇರೆ ದಾರಿ ಇರಲಿಲ್ಲ. ಬೆರಳಿಟ್ಟು ನಿಧಾನಕ್ಕೆ ಓದಿದರು. ತಮ್ಮ ಮುಖ ನೋಡಿಕೊಂಡರು.

“ಇದು ರಾಯಿಕೋಡ್ ತನಕ ಹೋಗ್ಯದೇನು?”

“ಹೋಗ್ಯದ್ರಿ.”

“ಹಂಗಾದ್ರ ಮನಿಗೆ ಆಮ್ಯಾಲ ಹೋಗೂಣು. ಮೊದಲು ಅಲ್ಲಿಗೆ ನಡಿ. ಇದನ್ನ ನೋಡಿ ಅವರು ಭೀ ಹೂಂ ಅಂದಾರು.”

ಒಡೆದ ತುಟಿಯಿಂದ ಮಾತು ನೆಟ್ಟಗೆ ಹೊರಡುತ್ತಿರಲಿಲ್ಲ. ಮತ್ತೆ ಹಿಡಿದುಕೊಂಡು ಹೋದರೆ ಎಂದು ನನಗೆ ಭಯ, ಇವರ ಹಟಕ್ಕೆ ಸಿಟ್ಟು. ರಾಯಿಕೋಡಿನ ಆಟೊ ಹತ್ತಿ ಅವರಿಗೆ ಪಕ್ಕದಲ್ಲಿ ಜಾಗ ಮಾಡಿದೆ.