ಬಾಗಿಲಿನ ಸಂದಿಗೆ ಒತ್ತಿದ ಟವೆಲ್

ಓಣಿಯವರೆಲ್ಲ ಅವರನ್ನು ಕರೆಯುವುದು ‘ತಲೆ ಡಾಕ್ಟರು’ ಎಂದೇ. ತಾನು ಡಾಕ್ಟರಲ್ಲ, ಬರೀ ಆಪ್ತ ಸಮಾಲೋಚಕ, ಮಾತ್ರೆ ಕೊಡುವವನಲ್ಲ ಎಂದು ಇಪ್ಪತ್ತಾರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. “ಮಾತ್ರೆ ಕೊಡದ ಡಾಕ್ಟ್ರಾದ್ರೆ ಇನ್ನೂ ಒಳ್ಳೇದಾಯ್ತು ಬಿಡಿ” ಎನ್ನುತ್ತಾನೆ ಕೆಳಗಿನ ಅಂಗಡಿಯ ಕ್ಷೌರಿಕ.

ಅಂಗಡಿಯ ಮೇಲೆಯೇ ಅವರ ಕೋಣೆ. ಎರಡು ಕುರ್ಚಿಗಳನ್ನು ತುಸು ಓರೆಯಾಗಿ ಇಟ್ಟಿದ್ದಾರೆ. ಅಳುವವರಿಗೆ ಕಣ್ಣು ತಪ್ಪಿಸಲು ಜಾಗ ಬೇಕಲ್ಲ. ಬಾಗಿಲಿನ ಕೆಳಗಿನ ಸಂದಿಗೆ ಹಳೆಯ ಟವೆಲ್ ಸುತ್ತಿ ಒತ್ತುತ್ತಾರೆ. ಹೊರಗೆ ಕಾಯುವವರ ಕಿವಿಗೆ ಏನೂ ಬೀಳದಿರಲೆಂದು ಅಲ್ಲೊಂದು ರೇಡಿಯೊ ಹಾಡುತ್ತಲೇ ಇರುತ್ತದೆ. ಇಲ್ಲಿ ಆಡಿದ ಮಾತು ಹೊಸ್ತಿಲು ದಾಟುವುದಿಲ್ಲ ಎಂಬುದು ಅವರ ಹೆಮ್ಮೆಯಾಗಿತ್ತು.

ದಾಟಿಸಿದವರು ಅವರೇ.

ಗ್ರಂಥಾಲಯದಲ್ಲಿ ‘ನಂಬಿಕೆ ಮತ್ತು ಮನಸ್ಸು’ ಎಂಬ ಭಾಷಣ. ಅರ್ಧ ಗಂಟೆಯಾಗುವಷ್ಟರಲ್ಲಿ ಜನ ಆಕಳಿಸತೊಡಗಿದರು. ಆಗ ತಮ್ಮಲ್ಲಿಗೆ ಪ್ರತಿ ಮಂಗಳವಾರ ಬರುವ ಬಸ್ ಚಾಲಕಿಯೊಬ್ಬರ ಉದಾಹರಣೆ ಕೊಟ್ಟರು. ಉದಾಹರಣೆ ಕೊಡುವಾಗ ಮೂರು ವಿವರ ಬದಲಿಸಬೇಕೆಂದು ಅವರೇ ಹಾಕಿಕೊಂಡ ನಿಯಮ. ಬದಲಿಸಿದರು ಕೂಡ. ಹೆಂಗಸನ್ನು ಗಂಡಸು ಮಾಡಿದರು, ನಲವತ್ತು ವರ್ಷವನ್ನು ಅರವತ್ತು ಮಾಡಿದರು, ಬಸ್ಸನ್ನು ಲಾರಿ ಮಾಡಿದರು. ಆದರೆ ಗಾಡಿ ಹೊರಡಿಸುವ ಮುಂಚೆ ಸ್ಟಿಯರಿಂಗನ್ನು ಮೂರು ಸಲ ತಟ್ಟಿ ಆಕೆ ಗಾಡಿಗೆ ಹೇಳುವ ಮಾತನ್ನು ಮಾತ್ರ ಹಾಗೇ ಉಳಿಸಿಕೊಂಡರು: “ಕೈ ಬಿಡಬೇಡ ಕಣೇ, ನನ್ ರಾಣಿ.” ದನಿ ಮಾಡಿಯೂ ತೋರಿಸಿದರು. ಸಭೆ ಗೊಳ್ಳೆಂದಿತು. ಹಿಂದೊಮ್ಮೆ ಬ್ರೇಕ್ ಹಿಡಿಯದೆ ಮೂವರಿಗೆ ಪೆಟ್ಟಾದ ದಿನದಿಂದ ಈ ಮಾತು ಅಂಟಿಕೊಂಡಿತ್ತು ಎಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ಮೂರನೆಯ ಸಾಲಿನಲ್ಲಿ ಆಕೆಯ ಡಿಪೋದ ಟಿಕೆಟ್ ತಪಾಸಕ ಕುಳಿತಿದ್ದ. ಆ ಮಾತನ್ನು ಅವನು ಆಕೆಯ ಬಾಯಿಂದಲೇ ಕೇಳಿದ್ದ.

ಬಸ್ ಚಾಲಕಿ ಎರಡು ಮಂಗಳವಾರ ಬರಲಿಲ್ಲ. ಮೂರನೆಯದಕ್ಕೆ ಬಂದವರು ಕುರ್ಚಿಯ ತುದಿಯಲ್ಲಿ ಕುಳಿತರು.

“ಡಿಪೋದಲ್ಲಿ ಈಗ ನನ್ ಹೆಸರೇ ರಾಣಿ, ಸರ್. ಮೆಕ್ಯಾನಿಕ್ ಅಂತೂ ಟಯರಿಗೆ ಗಾಳಿ ಹಾಕೋವಾಗ್ಲೂ ಅದನ್ನೇ ರಾಗವಾಗಿ ಹಾಡ್ತಾನೆ. ಅದಕ್ಕೇ ಆ ಮಾತು ಹೇಳೋದನ್ನೇ ಬಿಟ್ಟಿದೀನಿ. ದಾರಿಯುದ್ದಕ್ಕೂ ಸುಮ್ ಸುಮ್ನೆ ಬ್ರೇಕ್ ಒತ್ತಿ ನೋಡ್ತಿರ್ತೀನಿ.”

“ಹೆಸರು ಹೇಳಿರ್ಲಿಲ್ಲಮ್ಮ. ಗಂಡಸು ಅಂದಿದ್ದೆ, ಲಾರಿ ಅಂದಿದ್ದೆ...” ತಮ್ಮ ಮಾತು ತಮಗೇ ಕೇಳಿಸಿ ಅವರು ಅಲ್ಲಿಗೇ ನಿಲ್ಲಿಸಿದರು.

“ನನ್ ಥರ ದನಿ ಮಾಡಿ ತೋರಿಸಿದ್ರಂತೆ. ಚೆನ್ನಾಗಿ ಬಂತಾ?”

ನೆಲ ಬಾಯಿ ಬಿಡಬಾರದೇ ಅನ್ನಿಸಿತು. “ತಪ್ಪಾಯ್ತು. ಜನ ತೂಕಡಿಸ್ತಿದ್ರು, ನಗಿಸೋಣ ಅನ್ನಿಸ್ತು. ಅಷ್ಟೇ ಕಾರಣ. ಡಿಪೋಗೆ ಬಂದು ನಾನೇ ಮಾತಾಡ್ಲಾ?”

“ಬೇಡಪ್ಪಾ! ಗೊತ್ತಿಲ್ಲದೋರಿಗೂ ಗೊತ್ತಾಗತ್ತೆ.” ಆಕೆ ಓರೆಯಾಗಿದ್ದ ಕುರ್ಚಿಯನ್ನು ಅವರತ್ತ ತಿರುಗಿಸಿಕೊಂಡರು. “ನಿಮಗೂ ಇಂಥದ್ದೇನಾದ್ರೂ ಇದ್ರೆ ಹೇಳಿ. ನಾನೂ ಒಂದ್ಸಲ ನಗ್ತೀನಿ.”

ಅವರು ಜೇಬಿನಿಂದ ಶಾಯಿ ಒಣಗಿದ ಪೆನ್ನು ತೆಗೆದರು. “ಇದನ್ನ ಮರೆತು ಬಂದಿದ್ದ ದಿನಾನೇ, ನನ್ ಹತ್ರ ಬರ್ತಿದ್ದ ಒಬ್ರು ಮೇಷ್ಟ್ರು ಪ್ರಾಣ ಕಳ್ಕೊಂಡ್ರು. ಹತ್ತೊಂಬತ್ತು ವರ್ಷ ಆಯ್ತು. ಇದಿಲ್ದೆ ಈ ಕುರ್ಚಿ ಮೇಲೆ ಕೂತಿಲ್ಲ. ಹೆಂಡತಿಗೂ ಹೇಳಿಲ್ಲ. ಅವತ್ತು ಭಾಷಣ ಮಾಡೋವಾಗ್ಲೂ ಜೇಬಲ್ಲೇ ಇತ್ತು.”

ಆಕೆ ನಗಲಿಲ್ಲ. ಪೆನ್ನನ್ನೇ ನೋಡಿದರು.

“ಇದನ್ನ ಡಿಪೋದಲ್ಲಿ ಹೇಳ್ಲಾ?”

ಅವರು ತಲೆಯಾಡಿಸಿದರು, ಹೇಳಿ ಎಂದು.

“ಹೇಳಲ್ಲ ಬಿಡಿ” ಎಂದು ಆಕೆ ಎದ್ದರು.

“ಮುಂದಿನ ಮಂಗಳವಾರ?”

“ನೋಡೋಣ.”

ಆಕೆ ಟವೆಲನ್ನು ಕಾಲಿನಿಂದ ಸರಿಸಿ ಹೊರಟರು. ತೆರೆದ ಬಾಗಿಲಿನಿಂದ ರೇಡಿಯೊ ಹಾಡು ಒಳಗೆ ಬಂತು, ಅದರ ಹಿಂದೆಯೇ ಕಾಯುತ್ತಿದ್ದ ಮುದುಕರೊಬ್ಬರು ಬಂದು ಬಾಗಿಲು ಹಾಕಿದರು. ಕೂರುವ ಮುಂಚೆ ನೆಲ ನೋಡಿದರು.

“ಇದನ್ನ ಒತ್ತೋದಿಲ್ವಾ ಸರ್, ಇವತ್ತು?”

ಸಮಾಲೋಚಕರು ಮಂಡಿಯೂರಿ ಟವೆಲ್ ಒತ್ತಿದರು. ಒತ್ತಿ ಆದಮೇಲೂ ಸ್ವಲ್ಪ ಹೊತ್ತು ಮುಖ ಎತ್ತಲಾಗಲಿಲ್ಲ.