ಆಂಡಾಳ್ ಮೇಡಂ ತಮ್ಮದೆಂದ ಸಾಲು

ಚಾಮರಾಜಪೇಟೆ, ಬಸವನಗುಡಿಗಳ ಅಂಗಡಿ ಮುಂಗಟ್ಟುಗಳಿಗೆ ಕಂಪ್ಯೂಟರ್ ಬಂದ ಹೊಸತರಲ್ಲಿ, ಅವು ಕನ್ನಡದಲ್ಲಿ ಲಕ್ಷಣವಾಗಿ ಕೆಲಸ ಮಾಡುವಂತೆ ಪ್ರೋಗ್ರಾಂ ಬರೆದುಕೊಟ್ಟವರಲ್ಲಿ ಶ್ರೀಮತಿ ಆಂಡಾಳ್ ಅವರದು ಗೌರವದ ಹೆಸರು. ೧೯೯೧ರಲ್ಲಿ ಶಂಕರಪುರಂನ ನಮ್ಮ ಕಚೇರಿ ಸೇರಿ, ಹದಿನೆಂಟು ವರ್ಷ ದುಡಿದು ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸಲು ಯೋಗ್ಯರು ಬೇಕಾದಷ್ಟು ಮಂದಿ ಇದ್ದಾರೆ. ಆ ಯೋಗ್ಯರಲ್ಲಿ ಆತ್ರೇಯ ಒಬ್ಬನಲ್ಲ. ಆತ್ರೇಯನೆಂದರೆ ಇದನ್ನು ಬರೆಯುತ್ತಿರುವವನೇ. ‘ನಾನು’ ಎಂದು ಬರೆಯಲು ಅವನಿಗೆ ಮುಖವಿಲ್ಲ.

೨೦೦೫ರಲ್ಲಿ ಅವನು ಕೆಲಸಕ್ಕೆ ಸೇರಿದಾಗ ಮೇಡಂ ಅವನನ್ನು ಅವೆನ್ಯೂ ರಸ್ತೆಗೆ ಕರೆದೊಯ್ದು ಹಳೆಯ ಪುಸ್ತಕಗಳನ್ನು ಕೊಡಿಸಿದರು. ಊಟದ ಡಬ್ಬಿಯಲ್ಲಿ ಅವನಿಗೂ ಒಂದು ಪಾಲು ಪುಳಿಯೋಗರೆ ತಂದರು. ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳೇ ಥ್ರೆಡ್‌ಗಳು, ತೆರೆಯನ್ನು ನೋಡಿಕೊಳ್ಳುವ ಮುಖ್ಯ ಥ್ರೆಡ್ ಒಂದು, ಹಿಂದೆ ಕೂತು ಮಾಹಿತಿ ತರುವ ಥ್ರೆಡ್‌ಗಳು ಹಲವು ಎಂದು ವಿವರಿಸಿ, ಒಂದು ಕಟ್ಟಪ್ಪಣೆಯನ್ನೂ ಮಾಡಿದ್ದರು.

“ಸ್ಕ್ರೀನ್ ಮುಟ್ಟೋನು ಒಬ್ಬನೇ ಇರ್ಬೇಕು ಕಣಪ್ಪಾ. ಹಿಂದಿನೋನು ಚೀಟಿ ಕಳಿಸ್ಲಿ, ಚೀಟೀಲಿ ಆರ್ಡರ್ ನಂಬರ್ ಇರ್ಲಿ. ಇನ್ನೂ ಅದೇ ಆರ್ಡರ್ ತೆರೆದಿದ್ರೆ ಮಾತ್ರ ಇವನು ಬರೀಲಿ.”

ಮರುವರ್ಷ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿಯಿಟ್ಟಿದ್ದ ದೊಡ್ಡಬೈರಪ್ಪನವರ ಕೆಲಸ ಆತ್ರೇಯನ ಪಾಲಿಗೆ ಬಂತು. ಹಿಂದಿನ ಥ್ರೆಡ್ ನೇರವಾಗಿ ತೆರೆಯ ಮೇಲೆ ಹೆಸರು ಬರೆಯಲು ಹೋದಾಗಲೆಲ್ಲ ಕಂಪ್ಯೂಟರ್ ತಪ್ಪೆಂದು ಹೇಳಿ ನಿಂತುಬಿಡುತ್ತಿತ್ತು. ಮೇಡಂ ಹೇಳಿದ ಚೀಟಿಯ ಕ್ರಮ ತರಲು ಹನ್ನೆರಡು ಕಡೆ ತಿದ್ದಬೇಕಿತ್ತು. ಸೋಮಾರಿ ಆತ್ರೇಯ ಒಂದೇ ಸಾಲು ಬರೆದು, ಹಾಗೆ ತಡೆಯುತ್ತಿದ್ದ ತಪಾಸಣೆಯನ್ನೇ ನಿಲ್ಲಿಸಿದ. ಕೆಲಸ ಬೇಗ ಮುಗಿಸಿದೆನೆಂದು ಬೀಗಿದ ಕೂಡ.

ವೈಶಾಖದ ಲಗ್ನಗಳ ಭರಾಟೆ. ಗಿರಾಕಿ ಆಂಜಿನಯ್ಯನವರ ಮಗಳ ಪತ್ರಿಕೆಯ ಪ್ರೂಫ್ ಒಪ್ಪಿಗೆಯಾದ ಮೇಲೆ, ಮುಹೂರ್ತದ ಗಂಟೆಯೊಂದನ್ನು ತಿದ್ದಲು ಅಂಗಡಿಯ ಆಪರೇಟರ್ ಕೋಕಿಲಾ ಅದನ್ನು ಮತ್ತೆ ತೆರೆದಳು. ಅದಕ್ಕೆ ಮುಂಚೆ ತೆರೆದಿದ್ದ ಬೇರೆ ಮನೆಯ ಆರ್ಡರಿನ ವರನ ಹೆಸರು ತಡವಾಗಿ ಬಂದು ಇಲ್ಲಿ ಕೂತಿತು. ಮುನ್ನೂರು ಪತ್ರಿಕೆ ಅಚ್ಚಾಗಿ, ಅರ್ಧದಷ್ಟು ನೆಂಟರ ಮನೆಗಳನ್ನೂ ಸೇರಿದವು.

“ನಾನು ಸರಿಯಾಗೇ ಮಾಡಿದ್ದೆ ಸಾರ್,” ಎಂದು ಕೋಕಿಲಾ ಅತ್ತಳು. ಕರೆ ಬಂದು ಓಡಿಹೋದ ಆತ್ರೇಯನಿಗೆ ತನ್ನ ಆ ಸಾಲೇ ಕಾರಣವೆಂದು ನಿಮಿಷದಲ್ಲೇ ಹೊಳೆಯಿತು. ಆದರೂ ಅವನೆಂದದ್ದು, “ಆಪರೇಟರ್ ಮಿಸ್ಟೇಕ್ ಇರ್ಬೇಕು ಸಾರ್.” ದೊಡ್ಡಬೈರಪ್ಪನವರು ಅವಳಿಗೆ ನಾಳೆಯಿಂದ ಬರಬೇಡವೆಂದುಬಿಟ್ಟರು. ತಾನಾಡಿದ ಸುಳ್ಳನ್ನು ನೆನೆದರೆ ಇವತ್ತಿಗೂ ಅವನಿಗೆ ಮೈ ಹಿಡಿಯಷ್ಟಾಗುತ್ತದೆ.

ಸಂಜೆ ಮೇಡಂ ಪ್ರೋಗ್ರಾಂ ತೆರೆದು ಆ ಸಾಲನ್ನು ನೋಡಿದರು, ಬಯ್ಯಲಿಲ್ಲ. ಮರುದಿನ ಅವನನ್ನೂ ಕರೆದುಕೊಂಡು ಅಂಗಡಿಗೆ ಹೋದರು. ಆಂಜಿನಯ್ಯನವರೂ ಅಲ್ಲೇ ಇದ್ದರು.

“ಕೋಕಿಲಾದೇನೂ ತಪ್ಪಿಲ್ಲ ಸಾರ್. ಪ್ರೋಗ್ರಾಮಲ್ಲೇ ಒಂದು ಸಾಲು ತಪ್ಪಾಗಿದೆ,” ಎಂದ ಮೇಡಂ, ಆತ್ರೇಯನ ಮುಖ ನೋಡಿ ಕಾದರು. ಅವನು ಪತ್ರಿಕೆಯ ಕಟ್ಟುಗಳನ್ನು ನೋಡುತ್ತ ನಿಂತ.

“ಆ ಸಾಲು ನಂದು,” ಎಂದರು ಮೇಡಂ.

“ನಿಮ್ಮನೆ ಹೆಣ್ಣುಮಗಳಿಗೆ ಹಿಂಗಾಗಿದ್ರೆ ಸುಮ್ನಿರ್ತಿದ್ರಾ?” ಎಂದು ಆಂಜಿನಯ್ಯನವರು ಕೂಗಾಡಿದಷ್ಟು ಹೊತ್ತೂ ಮೇಡಂ ಕೈಮುಗಿದು ನಿಂತಿದ್ದರು. ಕೋಕಿಲಾಳ ಕೆಲಸ ಉಳಿಯಿತು. ಹಿಂತಿರುಗುವಾಗ ಮೇಡಂ ಹೇಳಿದ್ದು ಇಷ್ಟೇ: “ಹನ್ನೆರಡು ಕಡೆ ಇದೆ. ಸಂಜೆಯೊಳಗೆ ಸರಿಮಾಡ್ಬಿಡು.”

ಆ ವರ್ಷ ಅವರಿಗೆ ಸಿಗಬೇಕಿದ್ದ ಮುಖ್ಯಸ್ಥರ ಹುದ್ದೆ ಅದೇ ಕಾರಣಕ್ಕೆ ತಪ್ಪಿ ಆತ್ರೇಯನಿಗೆ ಬಂತು. ಅವನು ಅದನ್ನೂ ತೆಗೆದುಕೊಂಡ. ಮೊನ್ನೆಯ ಬೀಳ್ಕೊಡುಗೆಯಲ್ಲಿ ನಿರ್ದೇಶಕರು, “ಮೇಡಂ ಒಂದೇ ಒಂದು ಸಲ ತಪ್ಪಿದ್ರು, ಅದನ್ನೂ ದೊಡ್ಡ ಮನಸ್ಸಿಂದ ಒಪ್ಕೊಂಡ್ರು,” ಎಂದಾಗ ಸಭೆ ಚಪ್ಪಾಳೆ ತಟ್ಟಿತು. ಆತ್ರೇಯನೂ ತಟ್ಟಿದ.

ಮನೆಗೆ ಬಂದವನೇ ಈ ಲೇಖನಕ್ಕೆ ಕೂತ. ಅಭಿನಂದನಾ ಸಂಚಿಕೆಯ ಸಂಪಾದಕರು ಇದರಲ್ಲಿ ಒಂದಕ್ಷರವನ್ನೂ ಬಿಡದೆ ಅಚ್ಚುಮಾಡಬೇಕು. ಆಂಡಾಳ್ ಮೇಡಂ ನೂರು ವರ್ಷ ಆರೋಗ್ಯವಾಗಿ ಬಾಳಲಿ, ಇನ್ನೂ ಹಲವರಿಗೆ ಕಲಿಸಲಿ. ಹದಿನೆಂಟು ವರ್ಷಗಳಲ್ಲಿ ಅವರು ಒಂದು ಸಲವೂ ತಪ್ಪಿರಲಿಲ್ಲ.